ಹರಿಗೋಲಿನಲ್ಲಿ ಆರಡಿ ಅಂತರವನ್ನು ಎಲ್ಲಿಂದ ತರುವುದು?

ಓದುಗರ ಪ್ರಶ್ನೆ, ವೈದ್ಯರ ಉತ್ತರ: ನವೆಂಬರ್ 2020

ಮಳೆಗಾಲ ಮುಗಿದು ಕಾವೇರಿಯ ನೀರು ತಿಳಿಯಾಗುತ್ತಿದೆ. ಗಾಳ ಹಾಕುವ ಹವ್ಯಾಸಿಗಳಿಗೂ ಅವರನ್ನು ನದಿಗೆ ಕರೆದೊಯ್ಯುವ ಗೈಡ್‌ಗಳಿಗೂ ಇದು ಹಂಗಾಮು ಆರಂಭವಾಗುವ ಹೊತ್ತು. ಕೋವಿಡ್ ಕಾಲದಲ್ಲಿ ಈ ಕೆಲಸವನ್ನು ಮತ್ತೆ ಆರಂಭಿಸುವ ಬಗ್ಗೆ ಬಂದ ಕೆಲವು ಪತ್ರಗಳಿಗೆ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಕೊಡಗಿನಲ್ಲಿ ಕಾವೇರಿ ದಂಡೆಯ ಊರಿನವನು. ಗಾಳ ಹಾಕಲು ಬರುವವರಿಗೆ ಹದಿನಾಲ್ಕು ವರ್ಷಗಳಿಂದ ಗೈಡ್ ಆಗಿದ್ದೇನೆ. ಡಿಸೆಂಬರಿನಿಂದ ಬೇಸಿಗೆಯವರೆಗಿನ ದುಡಿಮೆಯಲ್ಲೇ ನಮ್ಮ ವರ್ಷ ಕಳೆಯಬೇಕು. ಮಾರ್ಚ್‌ನ ಲಾಕ್‌ಡೌನ್‌ನಿಂದ ಹಂಗಾಮಿನ ಕೊನೆಯ ಭಾಗವೆಲ್ಲ ಕೈತಪ್ಪಿತು. ಈಗ ಬೆಂಗಳೂರಿನಿಂದ ದಿನವೂ ಫೋನ್ ಬರುತ್ತಿದೆ. ಆದರೆ ನಮ್ಮ ಹರಿಗೋಲಿನ ಅಗಲವೇ ಆರೇಳು ಅಡಿ. ಅದರಲ್ಲಿ ಅಂಬಿಗ, ನಾನು, ಇಬ್ಬರು ಅತಿಥಿಗಳು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಆರಡಿ ಅಂತರವನ್ನು ಎಲ್ಲಿಂದ ತರಲಿ? ಕೆಲಸ ಶುರು ಮಾಡಬಹುದೇ, ಬೇಡವೇ? (ಹೆಸರು ಬೇಡ, ಕೊಡಗು)

ಉತ್ತರ: ಶುರು ಮಾಡಬಹುದು, ಆದರೆ ಕಳೆದ ವರ್ಷ ಮಾಡುತ್ತಿದ್ದ ರೀತಿಯಲ್ಲಿ ಮಾಡುವಂತಿಲ್ಲ. ಮೊದಲು ನಿಮ್ಮ ಜಿಲ್ಲಾಡಳಿತದ ಸದ್ಯದ ಆದೇಶವನ್ನೂ ನೀವು ಗಾಳ ಹಾಕುವ ಭಾಗದ ಪರವಾನಗಿಯನ್ನೂ ಖಚಿತಪಡಿಸಿಕೊಳ್ಳಿ. ಅದಾದ ಮೇಲೆ ಈ ರೋಗ ಹರಡುವ ಬಗೆಯನ್ನು ಸರಿಯಾಗಿ ತಿಳಿದುಕೊಂಡರೆ, ನೀವು ಭಯಪಡಬೇಕಾದ ಜಾಗ ಯಾವುದು, ನಿರಾಳವಾಗಿರಬಹುದಾದ ಜಾಗ ಯಾವುದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಕೊರೊನಾ ವೈರಸ್ ಮುಖ್ಯವಾಗಿ ಹರಡುವುದು ಸೋಂಕಿತರು ಮಾತನಾಡುವಾಗ, ಕೆಮ್ಮುವಾಗ, ಉಸಿರಾಡುವಾಗ ಹೊರಬೀಳುವ ಹನಿಗಳಿಂದ. ಮುಚ್ಚಿದ, ಗಾಳಿಯಾಡದ ಜಾಗದಲ್ಲಿ ಅತಿ ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತಾ ಆರಡಿಗಿಂತ ದೂರದವರಿಗೂ ತಗಲಬಹುದು ಎಂಬುದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕಳೆದ ಅಕ್ಟೋಬರ್ 5ರಂದು ತನ್ನ ಮಾಹಿತಿಯಲ್ಲಿ ಸೇರಿಸಿತು. ಆದ್ದರಿಂದ ನದಿಯ ದಂಡೆ ನಿಮ್ಮ ಪಾಲಿಗೆ ದೊಡ್ಡ ಅನುಕೂಲ. ಬಂಡೆಯೊಂದರ ಮೇಲೆ ಅತಿಥಿ, ಹತ್ತು ಹೆಜ್ಜೆ ಆಚೆ ನೀವು, ನಡುವೆ ಹೊಳೆಯ ಗಾಳಿ: ಇದಕ್ಕಿಂತ ಸುರಕ್ಷಿತವಾದ ಕೆಲಸದ ಜಾಗ ಈ ವರ್ಷ ಹೆಚ್ಚು ಜನರಿಗೆ ಸಿಗಲಾರದು.

ಹರಿಗೋಲಿನ ವಿಷಯ ಬೇರೆ. ಉದ್ದನೆಯ ದೋಣಿಯಲ್ಲಾದರೆ ಒಬ್ಬರು ಮುಂದೆ, ಒಬ್ಬರು ಹಿಂದೆ ಕೂತು, ಗಾಳಿ ಬೀಸುವ ದಿಕ್ಕನ್ನಾದರೂ ನೋಡಿಕೊಳ್ಳಬಹುದು. ಹರಿಗೋಲು ದುಂಡಗಿದ್ದು ತಿರುಗುತ್ತಲೇ ಸಾಗುವುದರಿಂದ ಈಗ ಗಾಳಿಗೆ ಎದುರಾಗಿದ್ದವರು ಮರುಕ್ಷಣದಲ್ಲಿ ಗಾಳಿಗೆ ಬೆನ್ನಾಗಿರುತ್ತಾರೆ. ಜೊತೆಗೆ ಸಮಯದ ಲೆಕ್ಕವೂ ಇದೆ. ಸೋಂಕಿತರ ಆರಡಿಯೊಳಗೆ 24 ಗಂಟೆಗಳ ಅವಧಿಯಲ್ಲಿ ಒಟ್ಟು 15 ನಿಮಿಷ ಕಳೆದವರನ್ನು ನಿಕಟ ಸಂಪರ್ಕದವರೆಂದು ಪರಿಗಣಿಸಬೇಕೆಂದು ಸಿಡಿಸಿ ಅಕ್ಟೋಬರ್ 21ರಂದು ತಿಳಿಸಿದೆ. ಆ ನಿಮಿಷಗಳು ಒಂದೇ ಸಲ ಕಳೆದವಾಗಬೇಕಿಲ್ಲ, ಐದೈದು ನಿಮಿಷದ ಮೂರು ಸಲವೂ ಸೇರಿ ಹದಿನೈದಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಹರಿಗೋಲಿನಲ್ಲಿ ಕೂರುವವರು ಈ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತಾರೆ. ಹಾಗಾಗಿ ಈ ಹಂಗಾಮಿನಲ್ಲಿ ದಂಡೆಯಿಂದಲೇ ಗಾಳ ಹಾಕಿಸಿ. ಹರಿಗೋಲನ್ನು ಹೊಳೆ ದಾಟಲು ಮತ್ತು ದೊಡ್ಡ ಮೀನು ಸಿಕ್ಕಿ ಓಡಿದಾಗ ಹಿಂಬಾಲಿಸಲು ಮಾತ್ರ ಬಳಸಿ. ದಾಟಿಸುವಾಗ ಅಂಬಿಗನೊಡನೆ ಒಬ್ಬ ಅತಿಥಿ, ಅಥವಾ ಒಂದೇ ಮನೆಯ ಇಬ್ಬರು ಸಾಕು. ನೀವು ಮುಂದಿನ ಸುತ್ತಿನಲ್ಲಿ ದಾಟಿಕೊಳ್ಳಿ. ಸುತ್ತು ಹೆಚ್ಚಾಗುತ್ತದೆ, ಸಮಯ ಹಿಡಿಯುತ್ತದೆ, ದಿನಕ್ಕೆ ಕರೆದೊಯ್ಯಬಹುದಾದ ಅತಿಥಿಗಳ ಸಂಖ್ಯೆಯೂ ಇಳಿಯುತ್ತದೆ. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ದರವನ್ನು ನಿಗದಿ ಮಾಡಬೇಕೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಹೊಳೆಗಿಂತ ಹೆಚ್ಚಾಗಿ ನನ್ನನ್ನು ಚಿಂತೆಗೀಡುಮಾಡುವುದು ಹೊಳೆಗೆ ಹೋಗುವ ಜೀಪು, ಊಟದ ಮೇಜು ಮತ್ತು ಸಂಜೆಯ ಬೆಂಕಿ. ಗಾಜು ಏರಿಸಿದ ಜೀಪಿನಲ್ಲಿ ಆರು ಜನ ಅರ್ಧ ಗಂಟೆ ಕೂತು ಹೋದ ಮೇಲೆ ದಂಡೆಯಲ್ಲಿ ದೂರ ನಿಲ್ಲುವುದರಿಂದ ಹೆಚ್ಚೇನೂ ಉಳಿಯುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಅತಿಥಿಗಳು ತಮ್ಮ ವಾಹನದಲ್ಲೇ ದಂಡೆಯ ಹತ್ತಿರಕ್ಕೆ ಬರಲಿ, ನೀವು ನಿಮ್ಮ ಬೈಕಿನಲ್ಲಿ ಮುಂದೆ ಹೋಗಿ ದಾರಿ ತೋರಿಸಿ. ಜೀಪು ಬೇಕೇಬೇಕೆಂದಾದರೆ ಎಲ್ಲ ಕಿಟಕಿಗಳೂ ತೆರೆದಿರಲಿ, ಎಲ್ಲರೂ ಮಾಸ್ಕ್ ಹಾಕಿರಲಿ. ಊಟದ ಹೊತ್ತಿನಲ್ಲಿ ಯಾರ ಮುಖದ ಮೇಲೂ ಮಾಸ್ಕ್ ಇರುವುದಿಲ್ಲವಾದ್ದರಿಂದ ಊಟವನ್ನು ಅಂಗಳದಲ್ಲಿ ಬಡಿಸಿ, ಒಂದೊಂದು ಕುಟುಂಬವನ್ನು ಬೇರೆ ಬೇರೆ ಕೂರಿಸಿ. ನೀವು ಮತ್ತು ಅಂಬಿಗ ಅವರೊಡನೆ ಪಂಕ್ತಿಯಲ್ಲಿ ಕೂರದಿರುವುದು ಈ ವರ್ಷದ ಮಟ್ಟಿಗೆ ಅಗೌರವವಾಗುವುದಿಲ್ಲ. ರಾತ್ರಿ ಬೆಂಕಿಯ ಸುತ್ತ ಕೂತು ಮೀನಿನ ಕಥೆ ಹೇಳುವುದು ನಿಮ್ಮ ಕಸುಬಿನ ಅರ್ಧ ಸೊಗಸು ಎಂಬುದು ನನಗೆ ಗೊತ್ತು. ಆದರೂ ಬೇರೆ ಬೇರೆ ತಂಡಗಳನ್ನು ಒಂದೇ ಬೆಂಕಿಯ ಸುತ್ತ ಸೇರಿಸಬೇಡಿ.

ಇನ್ನು ಮೀನು ಗಾಳಕ್ಕೆ ಸಿಕ್ಕಾಗಿನ ಆ ಕೆಲವು ನಿಮಿಷಗಳು. ಆಗ ಎಲ್ಲರೂ ಕೂಗುತ್ತಾರೆ, ಏದುಸಿರು ಬಿಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಿಯಮ ಯಾರಿಗೂ ನೆನಪಾಗುವುದಿಲ್ಲ. ಆದ್ದರಿಂದ ಇದನ್ನು ಬೆಳಿಗ್ಗೆಯೇ, ಗಾಳ ಎಸೆಯುವ ಮೊದಲೇ, ಅತಿಥಿಗೆ ಹೇಳಿಡಬೇಕು: ಮೀನು ದಂಡೆಗೆ ಬಂದಾಗ ಗೈಡ್ ಒಬ್ಬನೇ ನೀರಿಗಿಳಿದು ಕೊಕ್ಕೆ ಬಿಡಿಸುತ್ತಾನೆ, ಅವನು ಹಿಂದೆ ಸರಿದ ಮೇಲೆ ಅತಿಥಿ ಮುಂದೆ ಬಂದು ಮೀನನ್ನು ನೀರಿನಲ್ಲೇ ಹಿಡಿದುಕೊಳ್ಳಬೇಕು. ಫೋಟೊವನ್ನು ನಿಮ್ಮ ಫೋನಿನಲ್ಲಿ ದೂರದಿಂದ ತೆಗೆದು ಆಮೇಲೆ ಕಳುಹಿಸಿ.

ಮಾಸ್ಕ್ ಬಗ್ಗೆ ಒಂದು ಮುಖ್ಯ ಎಚ್ಚರಿಕೆ. ಒದ್ದೆಯಾದ ಬಟ್ಟೆ ಮೂಗಿಗೆ ಅಂಟಿಕೊಂಡು ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ರಭಸದ ನೀರಿನಲ್ಲಿ ಇಳಿಯುವಾಗ ಮಾಸ್ಕ್ ತೆಗೆದಿಡಬೇಕು, ಪ್ರತಿಯೊಬ್ಬರ ಬಳಿಯೂ ಒಣಗಿದ ಎರಡು ಮಾಸ್ಕ್ ಹೆಚ್ಚಿಗೆ ಇರಬೇಕು. ಉಸಿರು ಹೊರಬಿಡುವ ಕವಾಟವಿರುವ ಎನ್-95 ಮಾಸ್ಕ್ ಹಾಕಿದವರಿಂದ ಎದುರಿನವರಿಗೆ ರಕ್ಷಣೆ ಸಿಗದು. ಇಂಥ ಮಾಸ್ಕ್ ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯವೇ ಜುಲೈನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಯಾರಾದರೂ ನೀರಿಗೆ ಬಿದ್ದರೆ ಅಂತರವನ್ನು ಮರೆತು ಎತ್ತಿಬಿಡಿ.

ಪ್ರಶ್ನೆ: ಅತಿಥಿಗಳು ಐದು ನಿಮಿಷಕ್ಕೊಮ್ಮೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಅದೇ ಕೈಯಲ್ಲಿ ಬಿಳಿಮೀನನ್ನು, ಅಂದರೆ ಮಹಶೀರನ್ನು, ಹಿಡಿಯುತ್ತಾರೆ. ಇದರಿಂದ ಮೀನಿಗೆ ತೊಂದರೆಯಿಲ್ಲವೇ? ಗಾಳದ ಕೋಲು, ರೀಲ್, ಲೈಫ್ ಜಾಕೆಟ್‌ಗಳನ್ನು ಬ್ಲೀಚ್‌ನಿಂದ ತೊಳೆಯಬೇಕೇ? (ಓದುಗರು, ಕುಶಾಲನಗರ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೀನಿನ ಬಗೆಗಿನ ಕಾಳಜಿಯನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರೋಗಗಳಿಂದ ರಕ್ಷಣೆ. ಆಲ್ಕೊಹಾಲ್ ಹಚ್ಚಿದ ಕೈಯಾಗಲಿ, ಒಣಗಿದ ಕೈಯಾಗಲಿ ಆ ಲೋಳೆಯನ್ನು ಹಾಳುಮಾಡುತ್ತದೆ. ಹಿಡಿದು ಬಿಡುವ ಪದ್ಧತಿಯಲ್ಲಿ ಮೀನು ಬದುಕಿ ಉಳಿಯಬೇಕೆಂಬುದೇ ಉದ್ದೇಶವಾದ್ದರಿಂದ, ಮೀನನ್ನು ಮುಟ್ಟುವವರು ಸ್ಯಾನಿಟೈಸರ್ ಹಚ್ಚಿದ್ದರೆ ಕೈಯನ್ನು ನೀರಿನಿಂದ ಚೆನ್ನಾಗಿ ತೊಳೆದು, ಒದ್ದೆ ಕೈಯಲ್ಲೇ ಹಿಡಿಯಬೇಕು. ಸೋಪು ಮತ್ತು ನೀರು ಈ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಒಡೆದು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಇಪ್ಪತ್ತು ಸೆಕೆಂಡ್ ಉಜ್ಜಿದರೆ ಸಾಕು. ದಂಡೆಯಿಂದ ಮೇಲೆ ಒಂದು ಕ್ಯಾನ್ ನೀರು, ಒಂದು ಸೋಪು ಇಡಿ. ಆ ಸೋಪಿನ ನೀರು ಮಣ್ಣಿನಲ್ಲಿ ಇಂಗಲಿ, ಹೊಳೆಗೆ ಸೇರದಿರಲಿ.

ಬ್ಲೀಚ್ ಬೇಡ. ಅದು ಲೈಫ್ ಜಾಕೆಟ್ಟಿನ ಬಟ್ಟೆಯನ್ನೂ ಹೊಲಿಗೆಯನ್ನೂ ದುರ್ಬಲಗೊಳಿಸುತ್ತದೆ, ಹೊಳೆಗೆ ಬಿದ್ದರೆ ಮೀನಿಗೂ ಮೀನಿನ ಆಹಾರವಾದ ಹುಳುಹುಪ್ಪಟೆಗೂ ವಿಷ. ಪ್ರಯೋಗಾಲಯದಲ್ಲಿ ಈ ವೈರಸ್ ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಗಳವರೆಗೆ ಪತ್ತೆಯಾಗಿದ್ದರೂ ಅದರ ಪ್ರಮಾಣ ಗಂಟೆಗಂಟೆಗೂ ವೇಗವಾಗಿ ಕುಸಿದಿತ್ತು. ಜಾಕೆಟ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಸಾಧ್ಯವಾದರೆ ಮೂರು ದಿನ ಬಿಟ್ಟು ಬಳಸಿ. ಒಬ್ಬ ಅತಿಥಿಗೆ ಇಡೀ ದಿನ ಒಂದೇ ಕೋಲು, ಒಂದೇ ಜಾಕೆಟ್, ಗಾಳಕ್ಕೆ ಸಿಕ್ಕಿಸುವ ರಾಗಿ ಉಂಡೆಯ ಒಂದೇ ಡಬ್ಬಿ ಇರಲಿ.

ಇಲ್ಲಿ ಒಂದು ಮಾತು ಸೇರಿಸಬೇಕೆನಿಸುತ್ತದೆ. ಕಾವೇರಿಯ ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಹಶೀರ್ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲ. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ನಿರ್ಜನ ದಂಡೆಯೇ ಬೇಕು. ಗೈಡ್‌ಗಳು ಮತ್ತೆ ಹೊಳೆಯ ಬದಿಯಲ್ಲಿ ಕಾಣಿಸಿಕೊಳ್ಳಲಿ ಎಂದು ನಾನು ಬಯಸುವುದಕ್ಕೆ ನಿಮ್ಮ ಸಂಪಾದನೆಯ ಜೊತೆಗೆ ಇದೂ ಒಂದು ಕಾರಣ.

ಪ್ರಶ್ನೆ: ನಾವು ಸಿಯಾಟಲ್‌ನಲ್ಲಿರುವ ಕನ್ನಡಿಗರು. ಇಲ್ಲಿ ವಸಂತದಲ್ಲಿ ಮೀನು ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಿತ್ತು. ಬಯಲಿನಲ್ಲಿ ಅಪಾಯ ಕಡಿಮೆ ಎನ್ನುವುದಾದರೆ ಅದು ಅತಿಯಾಯಿತಲ್ಲವೇ? ಬರುವ ಬೇಸಿಗೆಯಲ್ಲಿ ಅಲಾಸ್ಕಾಕ್ಕೆ ಹೋಗಿ ಗೈಡ್ ಜೊತೆ ಸಾಲ್ಮನ್ ಹಿಡಿಯುವ ಆಸೆಯಿದೆ. (ಓದುಗರು, ವಾಷಿಂಗ್ಟನ್ ರಾಜ್ಯ)

ಉತ್ತರ: ವಾಷಿಂಗ್ಟನ್ ರಾಜ್ಯದಲ್ಲಿ ಹವ್ಯಾಸಿ ಮೀನುಗಾರಿಕೆ ಮಾರ್ಚ್ 25ರಂದು ನಿಂತು ಮೇ 5ರಂದು ಮತ್ತೆ ಆರಂಭವಾಯಿತು. ಅದು ಅತಿಯಾಯಿತೆಂದು ನನಗೆ ಅನಿಸುವುದಿಲ್ಲ. ಆಗ ಅಪಾಯವಿದ್ದುದು ಜನರ ಓಡಾಟದಲ್ಲಿ: ದೊಡ್ಡ ನಗರದವರು ಸಣ್ಣ ಊರುಗಳಿಗೆ ಹೋಗಿ, ಅಲ್ಲಿನ ದೋಣಿಕಟ್ಟೆ, ಪೆಟ್ರೋಲ್ ಬಂಕ್, ಅಂಗಡಿಗಳಲ್ಲಿ ಸೇರಿದರೆ, ಬೆರಳೆಣಿಕೆಯ ಹಾಸಿಗೆಗಳ ಆಸ್ಪತ್ರೆಯಿರುವ ಆ ಊರಿನ ಗತಿಯೇನು ಎಂಬ ಪ್ರಶ್ನೆ ಅದು. ಫ್ಲಾರಿಡಾದ ತುದಿಯ ಕೀಸ್ ದ್ವೀಪಗಳು ಇದೇ ಕಾರಣಕ್ಕೆ ಮಾರ್ಚ್ 22ರಿಂದ ಹೊರಗಿನವರಿಗೆ ಮುಚ್ಚಿದ್ದವು, ಹೆದ್ದಾರಿಯಲ್ಲಿ ತಪಾಸಣೆ ನಡೆಯಿತು, ಜೂನ್ 1ಕ್ಕೆ ತೆರೆದವು. ಟಾರ್ಪನ್ ಮೀನಿನ ಹಂಗಾಮು ಏರುವ ವಸಂತದ ದಿನಗಳೇ ಅವು. ಅಲ್ಲಿನ ಗೈಡ್‌ಗಳು ತೆತ್ತ ಬೆಲೆ ಸಣ್ಣದಲ್ಲ. ಕೊಡಗಿನ ಓದುಗರ ಪತ್ರವನ್ನೂ ನಿಮ್ಮ ಪತ್ರವನ್ನೂ ಒಟ್ಟಿಗೆ ಓದಿದಾಗ, ಎರಡು ಖಂಡಗಳ ಗೈಡ್‌ಗಳಿಗೂ ಒಂದೇ ಬಗೆಯ ಪೆಟ್ಟು ಬಿದ್ದುದು ನನ್ನ ಮನಸ್ಸಿಗೆ ತಟ್ಟಿತು.

ಅಲಾಸ್ಕಾ ಮೊದಲು ಹೊರಗಿನಿಂದ ಬಂದವರಿಗೆ 14 ದಿನಗಳ ಕ್ವಾರಂಟೈನ್ ವಿಧಿಸಿತು. ಒಂದು ವಾರದ ರಜೆಗೆ ಬರುವವರಿಗೆ ಇದರ ಅರ್ಥ ಬರಲೇಬೇಡಿ ಎಂದೇ. ಜೂನ್ 6ರಿಂದ, ಹೊರಡುವ ಮೊದಲಿನ 72 ಗಂಟೆಗಳೊಳಗೆ ಪರೀಕ್ಷೆ ಮಾಡಿಸಿಕೊಂಡವರಿಗೆ ಬೇರೆ ದಾರಿ ಕಲ್ಪಿಸಲಾಯಿತು. ನಿಯಮಗಳು ಅಂದಿನಿಂದ ಬದಲಾಗುತ್ತಲೇ ಇರುವುದರಿಂದ ಟಿಕೆಟ್ ಕೊಳ್ಳುವ ದಿನವೂ ಹೊರಡುವ ವಾರವೂ ಎರಡೂ ಸಲ ವಿಚಾರಿಸಿ. ಪರೀಕ್ಷೆಯ ಋಣಾತ್ಮಕ ಫಲಿತಾಂಶವೂ ಆ ದಿನದ ಮಟ್ಟಿನ ಮಾಹಿತಿ ಮಾತ್ರ. ದೋಣಿಯ ಮುಚ್ಚಿದ ಕ್ಯಾಬಿನ್‌ನಲ್ಲಿ ಕೂರದೆ ಹೊರಗಿರಿ, ಮಾಸ್ಕ್ ಹಾಕಿರಿ, ಬೇರೆ ಕುಟುಂಬದೊಡನೆ ದೋಣಿ ಹಂಚಿಕೊಳ್ಳಬೇಡಿ.

ಪ್ರಶ್ನೆ: ನನ್ನ ಜೊತೆಯ ಅಂಬಿಗರಿಗೆ 64 ವರ್ಷ, ಸಕ್ಕರೆ ಕಾಯಿಲೆಯಿದೆ. ಅವರು ಬರಬಹುದೇ? (ಓದುಗರು, ಸಿದ್ದಾಪುರ, ಕೊಡಗು)

ಉತ್ತರ: ಅತಿಥಿಗಳನ್ನು ದಾಟಿಸುವ ಕೆಲಸ ಅವರಿಗೆ ಬೇಡ. ವಯಸ್ಸು ಮತ್ತು ಸಕ್ಕರೆ ಕಾಯಿಲೆ ಎರಡೂ ಸೇರಿದಾಗ ಈ ರೋಗ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಹರಿಗೋಲಿಗೆ ಚರ್ಮ ಅಥವಾ ಹಾಳೆ ಹೊದಿಸುವುದು, ರಾಗಿ ಉಂಡೆ ಬೇಯಿಸುವುದು, ಕಿರಿಯರಿಗೆ ಹೊಳೆಯ ಮಡು ಸುಳಿಗಳನ್ನು ತೋರಿಸಿ ಕಲಿಸುವುದು ಅವರಿಂದಾಗಲಿ, ಮತ್ತು ಅದಕ್ಕೆ ಮೊದಲಿನಷ್ಟೇ ಕೂಲಿ ಸಲ್ಲಲಿ.

ಪ್ರಶ್ನೆ: ಬರುವವರ ಜ್ವರವನ್ನು ಥರ್ಮಾಮೀಟರಿನಲ್ಲಿ ನೋಡುತ್ತೇವೆ, ಸಹಿ ಮಾಡಿಸಿಕೊಳ್ಳುತ್ತೇವೆ. ಮುಂಗಡ ಹಣ ವಾಪಸ್ ಇಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆ. ಇಷ್ಟು ಸಾಕೇ? (ಗೈಡ್ ಮತ್ತು ಹೋಂ ಸ್ಟೇ ಮಾಲೀಕರು, ಮಡಿಕೇರಿ ತಾಲ್ಲೂಕು)

ಉತ್ತರ: ಸಾಲದು, ಮತ್ತು ನಿಮ್ಮ ಕೊನೆಯ ನಿಯಮ ಅಪಾಯಕಾರಿ. ಸೋಂಕಿತರು ಲಕ್ಷಣ ಕಾಣಿಸುವ ಎರಡು ದಿನ ಮೊದಲೇ ಇತರರಿಗೆ ಹರಡಬಲ್ಲರು, ಎಷ್ಟೋ ಜನರಿಗೆ ಜ್ವರವೇ ಬರುವುದಿಲ್ಲ. ಬಂದವರೂ ಒಂದು ಪ್ಯಾರಾಸಿಟಮಾಲ್ ನುಂಗಿ ನಿಮ್ಮ ಥರ್ಮಾಮೀಟರನ್ನು ದಾಟಿಬಿಡಬಹುದು. ಮುಂಗಡವಾಗಿ ಕೊಟ್ಟ ಸಾವಿರಾರು ರೂಪಾಯಿ ಮುಳುಗುತ್ತದೆಂದು ತಿಳಿದಾಗ ಗಂಟಲು ಕೆರೆತವನ್ನು ಮುಚ್ಚಿಟ್ಟು ಹೊರಡುವುದು ಒಳ್ಳೆಯವರಿಗೂ ಸಹಜ. ಹಣ ಸುರಕ್ಷಿತವಾಗಿದೆ, ತಾರೀಖನ್ನು ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು ಎಂದು ಮೊದಲೇ ತಿಳಿದವರು ಮಾತ್ರ ನಿಮಗೆ ಫೋನ್ ಮಾಡಿ "ಮೈ ಹುಷಾರಿಲ್ಲ, ಈ ವಾರ ಬರುವುದಿಲ್ಲ" ಎನ್ನುತ್ತಾರೆ. ನನ್ನ ತೀರ್ಮಾನದಲ್ಲಿ ಮುಂಗಡ ವಾಪಸ್ ಕೊಡುವ ಒಂದು ನಿಯಮ ಹತ್ತು ಬಾಟಲಿ ಸ್ಯಾನಿಟೈಸರಿಗಿಂತ ಹೆಚ್ಚು ರಕ್ಷಣೆ ಕೊಡುತ್ತದೆ. ಅತಿಥಿ ಎರಡು ದಿನವಿದ್ದು ಊರಿಗೆ ಹಿಂದಿರುಗುತ್ತಾರೆ. ಅವರು ಬಿಟ್ಟುಹೋದ ಸೋಂಕಿನೊಡನೆ ಉಳಿಯುವವರು ನೀವು, ನಿಮ್ಮ ತಾಯಿತಂದೆ, ನಿಮ್ಮ ಮನೆಯ ಅಡುಗೆಯವರು.

ಬರುವ ಹಿಂದಿನ ದಿನ ನೀವೇ ಫೋನ್ ಮಾಡಿ ಮನೆಮಂದಿಯ ಆರೋಗ್ಯ ವಿಚಾರಿಸಿ. ಲಕ್ಷಣವಿದ್ದೂ ಆ್ಯಂಟಿಜೆನ್ ಪರೀಕ್ಷೆಯಲ್ಲಿ ನೆಗೆಟಿವ್ ಬಂದಿದೆ ಎನ್ನುವವರು ಆರ್‌ಟಿ-ಪಿಸಿಆರ್ ಮಾಡಿಸಲೇಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಸೂಚನೆ. ಆ ಫಲಿತಾಂಶ ಬರುವವರೆಗೆ ಅವರನ್ನು ಬರಮಾಡಿಕೊಳ್ಳಬೇಡಿ. ಯಾವ ದಿನ ಯಾವ ಅತಿಥಿಯೊಡನೆ ಯಾವ ಗೈಡ್, ಯಾವ ಅಂಬಿಗ ಇದ್ದರೆಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಗೈಡ್ ಮತ್ತು ಅಂಬಿಗರ ಜೋಡಿಯನ್ನು ಹಂಗಾಮು ಪೂರ್ತಿ ಬದಲಿಸಬೇಡಿ. ಊರಿಗೆ ಮರಳಿದ 14 ದಿನಗಳೊಳಗೆ ಸೋಂಕು ಪತ್ತೆಯಾದರೆ ತಿಳಿಸಬೇಕೆಂದು ಅತಿಥಿಗಳಿಂದ ಮಾತು ಪಡೆಯಿರಿ. ಅಂಥ ಫೋನ್ ಬಂದ ದಿನ ಆ ಜೋಡಿಯ ಇಬ್ಬರೂ ಕೆಲಸ ನಿಲ್ಲಿಸಿ ಮನೆಯಲ್ಲಿ ಪ್ರತ್ಯೇಕವಾಗಿರಲಿ, ಆಪ್ತಮಿತ್ರ ಸಹಾಯವಾಣಿ 14410ಕ್ಕೆ ಕರೆ ಮಾಡಲಿ, ಪಲ್ಸ್ ಆಕ್ಸಿಮೀಟರ್ ಇದ್ದರೆ ದಿನಕ್ಕೆ ಎರಡು ಮೂರು ಸಲ ನೋಡಿಕೊಳ್ಳಲಿ. ಆಮ್ಲಜನಕದ ಪ್ರಮಾಣ ಶೇ 94ಕ್ಕಿಂತ ಇಳಿದರೆ ರಾತ್ರಿಯೇ ಆಗಿರಲಿ, ಬೆಳಗಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.