ಸಂಪಾದಕರ ಉತ್ತರ: ಮಗನ ಕಪಾಟಿನಲ್ಲಿ ಮೂರು ಡಬ್ಬ, ಒಂದು ಬಾಟಲಿ

ದಾವಣಗೆರೆಯಿಂದ ಪತ್ರ ಬರೆದಿರುವ ಅಮ್ಮನವರಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ಪತ್ರದಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಇವರ ಮಗನಿಗೆ ಇಪ್ಪತ್ತು ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾನೆ, ಒಂದು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದಾನೆ. ಕಪಾಟಿನಲ್ಲಿ ವೇ ಪ್ರೋಟೀನ್, ಕ್ರಿಯಾಟಿನ್, ಪ್ರಿ-ವರ್ಕೌಟ್ (ಕಸರತ್ತಿಗೆ ಮುಂಚೆ ಚುರುಕಿಗಾಗಿ ಕುಡಿಯೋ ಪುಡಿ) ಅಂತ ಮೂರು ಡಬ್ಬ ಇವೆ. ಜೊತೆಗೆ ಜಿಮ್ ಟ್ರೈನರ್ ಕೊಟ್ಟ, ಲೇಬಲ್ಲೇ ಇಲ್ಲದ ಒಂದು ಮಾತ್ರೆ ಬಾಟಲಿ. ಹುಡುಗನಿಗೆ ರಾತ್ರಿ ನಿದ್ದೆ ಬರಲ್ಲ, ಭುಜ ಬೆನ್ನಿನ ತುಂಬಾ ಮೊಡವೆ, ಮಾತೆತ್ತಿದರೆ ಸಿಡುಕು. ರಕ್ತ ಪರೀಕ್ಷೆ ಮಾಡಿಸಿದರೆ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ನೋಡೋ ಕ್ರಿಯಾಟಿನಿನ್ 1.4 ಬಂದಿದೆ, ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಸಂಬಂಧಿಕರೊಬ್ಬರು "ಆ ಪೌಡರ್ ತಿಂದರೆ ಎರಡೂ ಕಿಡ್ನಿ ಹೋಗ್ತವೆ" ಅಂತ ಹೆದರಿಸಿದ್ದಾರೆ. ಮಗ "ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ" ಅಂತಾನೆ. ಎಲ್ಲಾ ತಗೊಂಡು ಹೋಗಿ ಚರಂಡಿಗೆ ಸುರಿದುಬಿಡಲಾ ಅನ್ನೋದು ಇವರ ಪ್ರಶ್ನೆ.

ಸುರಿಯಬೇಡಿ ಅಮ್ಮ. ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಒಂದೊಂದೇ ಲೇಬಲ್ ಓದಿದೆ. ನಿಮ್ಮ ಮನೆಯಲ್ಲಿ ಜಗಳ ಆಗ್ತಿರೋದೆಲ್ಲ ಆ ದೊಡ್ಡ ವೇ ಪ್ರೋಟೀನ್ ಡಬ್ಬದ ಮೇಲೆ. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆ ಚಿಕ್ಕ ಬಾಟಲಿ ನೋಡಿ. ನಾನು ಡಾಕ್ಟರಲ್ಲ, ಆದರೆ ಇಷ್ಟನ್ನು ಹೇಳೋಕೆ ಡಾಕ್ಟರೇ ಆಗಬೇಕಿಲ್ಲ.

ಮೊದಲು ದೊಡ್ಡ ಡಬ್ಬ. ಹಾಲು ಒಡೆದು ಪನೀರ್ ಮಾಡುವಾಗ ತಿಳಿನೀರು ಉಳಿಯುತ್ತಲ್ಲ, ಅದರಲ್ಲಿರೋ ಪ್ರೋಟೀನನ್ನು ಬೇರೆ ಮಾಡಿ ಒಣಗಿಸಿದರೆ ಅದೇ ವೇ. ಒಂದು ಸ್ಕೂಪ್‌ನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತೆ, ಅಂದರೆ ನಾಲ್ಕು ಮೊಟ್ಟೆಯಷ್ಟು. ನಮ್ಮ ನಂದಿನಿಯವರೇ 2024ರ ಕೊನೆಯಲ್ಲಿ ವೇ ಪ್ರೋಟೀನ್ ಸೇರಿಸಿದ ಇಡ್ಲಿ-ದೋಸೆ ಹಿಟ್ಟನ್ನು ಬೆಂಗಳೂರಿನಲ್ಲಿ ಮಾರಾಟಕ್ಕೆ ಬಿಟ್ಟರು. ಹಾಗಾಗಿ ಅದು ಆಹಾರವೇ. ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತೆ, ಮೊಡವೆ ಜಾಸ್ತಿ ಆಗೋದೂ ಇದೆ. ಆರೋಗ್ಯವಾಗಿರೋ ಹುಡುಗನ ಕಿಡ್ನಿಯನ್ನು ದಿನಕ್ಕೆ ಒಂದು ಸ್ಕೂಪ್ ವೇ ಹಾಳು ಮಾಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಮೊದಲೇ ಕಿಡ್ನಿ ತೊಂದರೆ ಇದ್ದವರ ಮಾತು ಬೇರೆ, ಅವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಅದು ಬೇಕೇ ಬೇಕಾ ಅಂದರೆ, ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸೋಕೆ ಪ್ರೋಟೀನ್ ಪೌಡರ್ ಬೇಡ ಅಂತಲೇ ಹೇಳಿದೆ. ಸಾಮಾನ್ಯ ಮನುಷ್ಯನಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಉಪಯೋಗ ಆಗುತ್ತೆ. ನಿಮ್ಮ ಮಗ 70 ಕಿಲೋ ಇದ್ದಾನೆ ಅಂದಿದ್ದೀರಿ, ಹಾಗಾದರೆ ದಿನಕ್ಕೆ 112 ಗ್ರಾಂ. ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ಸೋಯಾ ಚಂಕ್ಸ್, ಒಂದೂವರೆ ಹಿಡಿ ಶೇಂಗಾ, ಒಂದು ಬಟ್ಟಲು ಗಟ್ಟಿ ಬೇಳೆ, ಇಷ್ಟಕ್ಕೇ 90ರ ಹತ್ತಿರ ಬಂತು. ಉಳಿದದ್ದು ರೊಟ್ಟಿ, ಅನ್ನ, ಮೊಸರಿನಲ್ಲಿ ಬರುತ್ತೆ. ಕಾಲೇಜು ಹುಡುಗ, ಅಷ್ಟೆಲ್ಲ ತಿನ್ನೋಕೆ ಪುರುಸೊತ್ತಿಲ್ಲ ಅಂದರೆ ಒಂದು ಸ್ಕೂಪ್ ಕುಡಿಯಲಿ, ನನ್ನದೇನೂ ತಕರಾರಿಲ್ಲ.

ತಕರಾರು ಇರೋದು ಡಬ್ಬದೊಳಗೆ ನಿಜವಾಗಿ ಏನಿದೆ ಅನ್ನೋದರ ಬಗ್ಗೆ. ಕೊಚ್ಚಿಯ ಒಬ್ಬ ಲಿವರ್ ತಜ್ಞರು ಮತ್ತು ಅವರ ಜೊತೆಗಾರರು ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪೌಡರ್‌ಗಳನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ 2024ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ಎಪ್ಪತ್ತರಷ್ಟು ಡಬ್ಬಗಳಲ್ಲಿ ಪ್ರೋಟೀನ್ ಲೆಕ್ಕವೇ ತಪ್ಪು. ಕೆಲವದರಲ್ಲಿ ಬೂಷ್ಟಿನಿಂದ ಬರೋ ಅಫ್ಲಾಟಾಕ್ಸಿನ್ ವಿಷ, ಇನ್ನು ಕೆಲವದರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಪ್ರೋಟೀನ್ ಎಷ್ಟಿದೆ ಅಂತ ನೋಡೋ ಸಾಮಾನ್ಯ ಪರೀಕ್ಷೆ ಅಳೆಯೋದು ಸಾರಜನಕವನ್ನು. ಇದು ಗೊತ್ತಿರೋ ಕಂಪನಿಗಳು ಗ್ಲೈಸಿನ್, ಟಾರಿನ್ ಥರದ ಸಾರಜನಕ ಇರೋ ಅಗ್ಗದ ವಸ್ತು ಬೆರೆಸಿ ಲೆಕ್ಕ ಜಾಸ್ತಿ ತೋರಿಸುತ್ತವೆ. ನಿಮ್ಮ ಫೋಟೋದಲ್ಲಿರೋ ವೇ ಡಬ್ಬಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ 14 ಅಂಕಿ ಪೂರ್ತಿ ಇದೆ, ಬ್ಯಾಚ್ ನಂಬರ್ ಇದೆ. ಬಿಲ್ ಇದೆಯಾ ಅಂತ ಮಗನನ್ನು ಕೇಳಿ. ಇದ್ದರೆ ಆ ಡಬ್ಬದ ಚಿಂತೆ ಅಷ್ಟಕ್ಕೇ ಬಿಡಿ.

ಈಗ ಕ್ರಿಯಾಟಿನ್, ನಿಮ್ಮ ನಿದ್ದೆಗೆಡಿಸಿರೋ 1.4. ಮಾಂಸಖಂಡಕ್ಕೆ ಶಕ್ತಿ ಒದಗಿಸೋ ಕ್ರಿಯಾಟಿನ್ ಮಾಂಸ, ಮೀನಿನಲ್ಲಿ ಇರುತ್ತೆ, ನಮ್ಮ ದೇಹವೂ ತಯಾರಿಸುತ್ತೆ. ಅದು ದೇಹದಲ್ಲಿ ಒಡೆದು ಆಗೋದೇ ಕ್ರಿಯಾಟಿನಿನ್. ಹೊರಗಿಂದ ಕ್ರಿಯಾಟಿನ್ ತಗೊಂಡರೆ, ಮೈಯಲ್ಲಿ ಮಾಂಸಖಂಡ ಜಾಸ್ತಿ ಇದ್ದರೆ, ಹಿಂದಿನ ದಿನ ಜೋರಾಗಿ ಕಸರತ್ತು ಮಾಡಿದ್ದರೆ, ಕಿಡ್ನಿ ಚೆನ್ನಾಗಿದ್ದರೂ ರಿಪೋರ್ಟಿನಲ್ಲಿ ಆ ಅಂಕಿ ಏರುತ್ತೆ. ದಿನಕ್ಕೆ 3ರಿಂದ 5 ಗ್ರಾಂ ಅಳತೆಯಲ್ಲಿ ಇಷ್ಟು ವರ್ಷ ಅಧ್ಯಯನ ಆಗಿರೋ ಸಪ್ಲಿಮೆಂಟ್ ಇನ್ನೊಂದು ಸಿಗೋದು ಕಷ್ಟ, ಆರೋಗ್ಯವಂತರ ಕಿಡ್ನಿಗೆ ಅದರಿಂದ ಹಾನಿ ಕಂಡಿಲ್ಲ. ಹಾಗಂತ ಆ ರಿಪೋರ್ಟನ್ನು ಮಡಚಿ ಇಟ್ಟುಬಿಡಬೇಡಿ. ಎರಡು ಮೂರು ವಾರ ಕ್ರಿಯಾಟಿನ್ ನಿಲ್ಲಿಸಿ, ಪರೀಕ್ಷೆಗೆ ಮುಂಚೆ ಎರಡು ದಿನ ಜಿಮ್ ಬಿಟ್ಟು, ಮತ್ತೆ ಮಾಡಿಸಲಿ. ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಹೋಗ್ತಿದೆಯಾ ಅಂತಲೂ ನೋಡಿಸಿ. ಸಿಸ್ಟಾಟಿನ್ ಸಿ ಅಂತ ಇನ್ನೊಂದು ರಕ್ತ ಪರೀಕ್ಷೆ ಇದೆ, ಅದು ಕ್ರಿಯಾಟಿನ್‌ನಿಂದ ಮೋಸ ಹೋಗಲ್ಲ. ಡಾಕ್ಟರ ಮುಂದೆ ಕೂತಾಗ "ನಾನು ಇದನ್ನು ತಗೊಳ್ತಿದ್ದೀನಿ" ಅಂತ ಹುಡುಗ ಬಾಯಿಬಿಟ್ಟು ಹೇಳಲೇಬೇಕು.

ಮೂರನೇ ಡಬ್ಬ, ಪ್ರಿ-ವರ್ಕೌಟ್. ನಿದ್ದೆ ಬರದಿರೋದಕ್ಕೆ, ಸಿಡುಕಿಗೆ ಮೊದಲ ಅನುಮಾನ ಇದರ ಮೇಲೇ. ಲೇಬಲ್ ಹಿಂದೆ ಒಂದು ಸ್ಕೂಪ್‌ಗೆ 300 ಮಿಲಿಗ್ರಾಂ ಕೆಫೀನ್ ಅಂತ ಸಣ್ಣಕ್ಷರದಲ್ಲಿದೆ, ಹೆಚ್ಚುಕಮ್ಮಿ ಮೂರು ಕಪ್ ಸ್ಟ್ರಾಂಗ್ ಕಾಫಿ ಒಂದೇ ಗುಟುಕಿಗೆ. ದೊಡ್ಡವರಿಗೆ ಇಡೀ ದಿನಕ್ಕೆ ಹೇಳಿರೋ ಮಿತಿಯೇ 400. ಸಂಜೆ ಏಳಕ್ಕೆ ಇದನ್ನು ಕುಡಿದು ಜಿಮ್‌ಗೆ ಹೋದವನಿಗೆ ಹನ್ನೆರಡಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಮುಖ ಚುರುಚುರು ಅಂತದೆ ಅಂದಿದ್ದೀರಿ. ಅದು ಈ ಪುಡಿಯಲ್ಲಿರೋ ಬೀಟಾ-ಅಲನಿನ್ ಅನ್ನೋ ಪದಾರ್ಥದ ಕೆಲಸ, ಅದರಿಂದ ತೊಂದರೆ ಇಲ್ಲ. ಆದರೆ ಅದೇ ಲೇಬಲ್‌ನಲ್ಲಿ "ಎನರ್ಜಿ ಮ್ಯಾಟ್ರಿಕ್ಸ್" ಅಂತ ಹೆಸರಿಟ್ಟು, ಹತ್ತು ಪದಾರ್ಥ ಬರೆದು, ಯಾವುದು ಎಷ್ಟು ಅಂತ ಹೇಳದೆ ಒಟ್ಟು ತೂಕ ಮಾತ್ರ ಕೊಟ್ಟಿದ್ದಾರೆ ನೋಡಿ, ಅದು ನನಗೆ ಒಂಚೂರೂ ಹಿಡಿಸಲಿಲ್ಲ. 2012ರ ಲಂಡನ್ ಮ್ಯಾರಥಾನ್‌ನಲ್ಲಿ ಗುರಿ ಇನ್ನೇನು ಒಂದು ಮೈಲಿ ಇದೆ ಅನ್ನುವಾಗ ಕ್ಲೇರ್ ಸ್ಕ್ವೈರ್ಸ್ ಅನ್ನೋ ಮೂವತ್ತು ವರ್ಷದ ಹೆಣ್ಣುಮಗಳು ಕುಸಿದು ತೀರಿಕೊಂಡರು. ಅವರು ಕುಡಿದಿದ್ದು ಡಿಎಂಎಎ ಅನ್ನೋ ಉತ್ತೇಜಕ ಬೆರೆಸಿದ ಇಂಥದ್ದೇ ಪುಡಿ. ಈ ಡಬ್ಬವನ್ನು ಇವತ್ತೇ ನಿಲ್ಲಿಸಲಿ. ಬೇಕಾದರೆ ಜಿಮ್‌ಗೆ ಮುಂಚೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿಯಲಿ.

ಇನ್ನು ಆ ಬಾಟಲಿ. ಹೆಸರಿಲ್ಲ, ಬ್ಯಾಚ್ ಇಲ್ಲ, ಬಿಲ್ ಇಲ್ಲ. "ಹರ್ಬಲ್, ಏನೂ ಆಗಲ್ಲ" ಅಂತ ಟ್ರೈನರ್ ಹೇಳಿದ್ದಾರಂತೆ. 2013ರಲ್ಲಿ ಅಮೆರಿಕದ ಹವಾಯಿಯಲ್ಲಿ ಆಕ್ಸಿಎಲೈಟ್ ಪ್ರೊ ಅನ್ನೋ ಕೊಬ್ಬು ಕರಗಿಸೋ ಸಪ್ಲಿಮೆಂಟ್ ತಗೊಂಡವರು ಸಾಲುಸಾಲಾಗಿ ಲಿವರ್ ಕೆಟ್ಟು ಆಸ್ಪತ್ರೆ ಸೇರಿದರು. ಒಬ್ಬರು ತೀರಿಕೊಂಡರು, ಕೆಲವರಿಗೆ ಲಿವರ್ ಕಸಿ ಮಾಡಬೇಕಾಯಿತು. ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೆರಳು ಮಾಡಿದ್ದು ಈಜೆಲಿನ್ ಅನ್ನೋ ವಸ್ತುವಿನ ಕಡೆಗೆ. ಅದು ನಾವು ಶಿವನಿಗೆ ಏರಿಸೋ ಬಿಲ್ವದ ಮರದಲ್ಲಿರೋದೇ, ಇವರು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಮಾತ್ರೆಗೆ ತುಂಬಿದ್ದರು. ಗಿಡಮರದ ಹೆಸರು ಹೇಳಿದ ಮಾತ್ರಕ್ಕೆ ಮಾತ್ರೆ ಸುರಕ್ಷಿತ ಆಗಿಬಿಡಲ್ಲ ಅಲ್ವಾ.

ಆ ಬಾಟಲಿ ಬಗ್ಗೆ ನನಗಿರೋ ದೊಡ್ಡ ಅನುಮಾನ ಸ್ಟೀರಾಯ್ಡ್, ಅಂದರೆ ಮಾಂಸಖಂಡ ಬೆಳೆಸೋಕೆ ತಗೊಳ್ಳೋ ಹಾರ್ಮೋನ್ ಔಷಧ. ಹದಿಮೂರು ದೇಶಗಳಿಂದ ತಂದ 634 ಸಪ್ಲಿಮೆಂಟ್‌ಗಳನ್ನು ಜರ್ಮನಿಯ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದಾಗ 94ರಲ್ಲಿ ಲೇಬಲ್‌ನಲ್ಲಿಲ್ಲದ ಸ್ಟೀರಾಯ್ಡ್ ಜಾತಿಯ ಹಾರ್ಮೋನ್ ಸಿಕ್ಕಿತ್ತು. ಅವು ಲೇಬಲ್ ಇದ್ದ ಡಬ್ಬಗಳು. ಅಮೆರಿಕದಲ್ಲಿ 2004ರಿಂದ 2013ರವರೆಗೆ ಸಪ್ಲಿಮೆಂಟ್‌ನಿಂದ ಲಿವರ್ ಕೆಟ್ಟ 130 ಜನರನ್ನು ತಜ್ಞರು ದಾಖಲು ಮಾಡಿಕೊಂಡರು. ಅವರಲ್ಲಿ 45 ಜನರ ಲಿವರ್ ಕೆಟ್ಟಿದ್ದು ಬಾಡಿಬಿಲ್ಡಿಂಗ್ ಉತ್ಪನ್ನಗಳಿಂದ. ಅಂಥ ಹುಡುಗರಿಗೆ ತಿಂಗಳುಗಟ್ಟಲೆ ಕಾಮಾಲೆ, ಮೈಯೆಲ್ಲ ತುರಿಕೆ. ಲಿವರ್ ಹೇಗೋ ಚೇತರಿಸಿಕೊಂಡೀತು. ಆದರೆ ಸ್ಟೀರಾಯ್ಡ್ ಒಳ್ಳೆ ಕೊಲೆಸ್ಟ್ರಾಲನ್ನು ತಳಕ್ಕಿಳಿಸುತ್ತೆ, ಹೃದಯದ ಗೋಡೆ ದಪ್ಪ ಮಾಡುತ್ತೆ, ಹುಡುಗರ ಎದೆ ಊದುತ್ತೆ, ವೃಷಣ ಕುಗ್ಗುತ್ತೆ, ವೀರ್ಯಾಣು ಕಮ್ಮಿ ಆಗುತ್ತೆ. ಬೆನ್ನು, ಭುಜದ ತುಂಬಾ ಒಮ್ಮೆಲೇ ಏಳೋ ಮೊಡವೆಯೂ ಅದರ ಗುರುತು. ನಾಚಿಕೆಯಿಂದ ಇದನ್ನು ಅಮ್ಮನ ಹತ್ತಿರ ಯಾವ ಮಗನೂ ಹೇಳಲ್ಲ. ಅವನ ತಂದೆಯೋ, ಸೋದರಮಾವನೋ ಒಬ್ಬನೇ ಇದ್ದಾಗ ಕೇಳಲಿ, ಬೈಯದೆ ಕೇಳಲಿ. ಇಂಜೆಕ್ಷನ್ ಏನಾದರೂ ತಗೊಂಡಿದ್ದೀಯಾ ಅಂತಲೂ ಕೇಳಲಿ. ಆಪರೇಷನ್ ಥಿಯೇಟರಿನಲ್ಲಿ ಬಿಪಿ ಏರಿಸೋಕೆ ಕೊಡೋ ಮೆಫೆಂಟರ್ಮಿನ್ ಇಂಜೆಕ್ಷನನ್ನು ನಮ್ಮ ದೇಶದ ಜಿಮ್‌ಗಳಲ್ಲಿ ಕಸರತ್ತಿಗೆ ಮುಂಚೆ ಚುಚ್ಚಿಕೊಳ್ಳೋ ಚಟ ಹಬ್ಬಿದೆ.

ಬಾಟಲಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಹಾರ್ಮೋನ್ ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟ್ ಸಿಕ್ಕರೆ ಇನ್ನೂ ಒಳ್ಳೇದು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡು ಬಿಟ್ಟಾಗ ದೇಹ ತನ್ನದೇ ಹಾರ್ಮೋನ್ ತಯಾರಿಸೋಕೆ ಸಮಯ ಹಿಡಿಯುತ್ತೆ, ಆಗ ಹುಡುಗರು ತುಂಬಾ ಮಂಕಾಗುತ್ತಾರೆ, ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ಆ ಹೊತ್ತಿನಲ್ಲಿ ಅವನನ್ನು ಒಂಟಿಯಾಗಿ ಬಿಡಬೇಡಿ. ಲಿವರ್ ಪರೀಕ್ಷೆ, ಕೊಲೆಸ್ಟ್ರಾಲ್, ಬಿಪಿ, ಟೆಸ್ಟೋಸ್ಟಿರೋನ್ ನೋಡಿಸಿ, ಡಾಕ್ಟರ್ ಹೇಳಿದರೆ ಹೃದಯದ ಸ್ಕ್ಯಾನ್ ಎಕೋ ಕೂಡ. ಕಣ್ಣು ಹಳದಿಯಾದರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಎದೆ ಹಿಡಿದುಕೊಂಡರೆ, ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಜಿಮ್ ಬಿಡಿಸಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಗರಡಿ ಮನೆಗಳ ಊರಿನ ಹುಡುಗ, ಮೈ ಬೆಳೆಸಬೇಕು ಅನ್ನೋ ಆಸೆ ಒಳ್ಳೇದೇ. ಆದರೆ ಆ ಟ್ರೈನರ್ ಕೈಯಿಂದ ಬಿಡಿಸಿ. ಮಾತ್ರೆ ಮಾರಿ ದುಡ್ಡು ಮಾಡೋರು, ನಿಮ್ಮ ಮಗನ ರಕ್ತದ ರಿಪೋರ್ಟ್ ಯಾವತ್ತಾದರೂ ಕೇಳಿದ್ದಾರಾ? ಮಾತ್ರೆಯಲ್ಲಿ ಔಷಧ ಇದೆ ಅಂತ ಡಾಕ್ಟರ್ ಹೇಳಿದರೆ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಬರೆದು ಕೊಡಿ, ಆ ಜಿಮ್‌ಗೆ ಇನ್ನೂ ಎಷ್ಟೋ ಹುಡುಗರು ಬರುತ್ತಿರುತ್ತಾರೆ. ಎರಡನೇ ಸಲದ ಕ್ರಿಯಾಟಿನಿನ್ ರಿಪೋರ್ಟ್ ಬಂದ ಮೇಲೆ ನನಗೂ ಒಂದು ಸಾಲು ಬರೆಯಿರಿ.