ಊರಿನ ಸೇವಾ ಕ್ಲಬ್ ಸೇರಿದರೆ ವ್ಯಾಪಾರಕ್ಕೆ ಅನುಕೂಲ ಆಗುತ್ತಾ?

ಬೀದರ್‌ನಲ್ಲಿ ಹೊಸದಾಗಿ ಎಲೆಕ್ಟ್ರಿಕಲ್ ಅಂಗಡಿ ಹಾಕಿದ್ದೀರಿ. ರೋಟರಿಯವರೂ ಕರೆಯುತ್ತಿದ್ದಾರೆ, ಲಯನ್ಸ್‌ನವರೂ ಕರೆಯುತ್ತಿದ್ದಾರೆ. ಯಾವುದಕ್ಕೆ ಸೇರಿದರೆ ಜಾಸ್ತಿ ಪರಿಚಯ ಆಗುತ್ತೆ, ಕಟ್ಟಿದ ದುಡ್ಡು ವಾಪಸ್ ಬರುತ್ತಾ ಅಂತ ನಿಮ್ಮ ಪ್ರಶ್ನೆ. ಓದುತ್ತಿದ್ದ ಹಾಗೆ 2016ರ ನಾನೇ ಎದುರಿಗೆ ಬಂದು ಕೂತ ಹಾಗಾಯಿತು.

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ದಾಲ್ ಮಿಲ್‌ನವರ ಚೀಟಿ, ಶಾಲೆಗಳ ಹಾಜರಿ ಪುಸ್ತಕ. ಗಿರಾಕಿಯೊಬ್ಬರು ತಮ್ಮ ಕ್ಲಬ್‌ಗೆ ಕರೆದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಲ್ಲಿ ದಾಲ್ ಮಿಲ್ ಮಾಲೀಕರಿದ್ದಾರೆ, ವಕೀಲರಿದ್ದಾರೆ, ಡಾಕ್ಟರ್‌ಗಳಿದ್ದಾರೆ. ಎಲ್ಲರಿಗೂ ಅಚ್ಚಿನ ಕೆಲಸ ಇದ್ದೇ ಇರುತ್ತೆ, ಅಲ್ವಾ? ಸೇರಿದೆ. ಕ್ಲಬ್‌ನ ಹೆಸರು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವ ತಪ್ಪು ನನ್ನದು, ಅದರಲ್ಲಿ ಕ್ಲಬ್‌ನ ಹೆಸರು ಬರುವುದು ಬೇಡ.

ಮೊದಲ ವರ್ಷ ನಾಲ್ಕು ಮದುವೆ ಕಾರ್ಡಿನ ಆರ್ಡರ್ ಬಂದವು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ ಅಷ್ಟೇ. ಅದೂ ಪರಿಚಯದ ರೇಟಿನಲ್ಲಿ.

2017ರ ಡಿಸೆಂಬರ್‌ನಲ್ಲಿ ಜೇವರ್ಗಿ ತಾಲೂಕಿನ ಒಂದು ದೊಡ್ಡ ಹಳ್ಳಿಯಲ್ಲಿ ಕಣ್ಣು ತಪಾಸಣೆ ಶಿಬಿರ ಇಟ್ಟೆವು. ಸುತ್ತಲಿನ ಏಳೆಂಟು ಹಳ್ಳಿಯ ಜನ ಬರುವವರಿದ್ದರು. ಹಿಂದೆಲ್ಲ ಶಾಲೆಯ ಕೋಣೆಯಲ್ಲೇ ಆಪರೇಷನ್ ಮಾಡುತ್ತಿದ್ದ ಕಾಲ ಇತ್ತು. ಈಗ ಹಾಗಿಲ್ಲ. ಶಿಬಿರದಲ್ಲಿ ಬರೀ ತಪಾಸಣೆ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಇದ್ದವರನ್ನು ಆರಿಸಿ, ಇನ್ನೊಂದು ದಿನ ಗಾಡಿ ಕಳಿಸಿ, ಊರಿನ ಆಸ್ಪತ್ರೆಗೆ ಕರೆದುಕೊಂಡು ಬರಬೇಕು. ಹೆಸರು ಬರೆಸುವ ಕೆಲಸ ನನಗೆ ಕೊಟ್ಟರು. ಪ್ರೆಸ್ ಇದ್ದವನು ನಾನೇ, ಫಾರಂ ಕೂಡ ನಾನೇ ಮಾಡಿದೆ.

ಆ ಫಾರಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ದಯವಿಟ್ಟು ಓದಿ.

ಎ-ಫೋರ್ ಕಾಗದ. ಮೇಲೆ ಕ್ಲಬ್‌ನ ಲಾಂಛನ, ಎರಡು ಬಣ್ಣದಲ್ಲಿ. ಅದರ ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಹೆಸರು. ಅದರ ಕೆಳಗೆ ದುಡ್ಡು ಕೊಟ್ಟ ಮೂವರ ಹೆಸರು, ಅವರ ಅಂಗಡಿ ಹೆಸರು. ಇಷ್ಟಕ್ಕೇ ಕಾಗದದ ಕಾಲು ಭಾಗ ಹೋಯಿತು. ಉಳಿದ ಜಾಗದಲ್ಲಿ ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್, ಯಾವ ಕಣ್ಣು. ನೋಡಲು ಚೆಂದ ಇತ್ತು. ಎಲ್ಲರೂ ಹೊಗಳಿದರು.

ತಪ್ಪು ಇದ್ದದ್ದು ಮೊಬೈಲ್ ನಂಬರಿನ ಕಾಲಂನಲ್ಲಿ. ಒಂದೇ ಕಾಲಂ. ಆ ನಂಬರ್ ಯಾರದು ಅಂತ ಬರೆಯಲು ಜಾಗ ಇರಲಿಲ್ಲ. ಜಾಗ ಇಲ್ಲದ್ದಕ್ಕೆ ನಾನು ಕೇಳಲೂ ಇಲ್ಲ. ಎಪ್ಪತ್ತು ವರ್ಷದ ಆಯಿ ಬಂದು ಕೂತಳು. "ಫೋನ್ ನಂಬರ್ ಅದ ಏನ್ ಆಯಿ?" ಅಂದೆ. "ಅದಪಾ" ಅಂತ ಸೊಂಟದ ಚೀಲದಿಂದ ಒಂದು ಚೀಟಿ ತೆಗೆದಳು. ಹತ್ತು ಅಂಕಿ ಬರೆದುಕೊಂಡೆ. ಮುಂದಿನವರು ಬರ್ರಿ ಅಂದೆ. ಅದು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮಗನ ನಂಬರ್. ನಮ್ಮ ಕಡೆಯ ಹಳ್ಳಿಗಳು ನಿಮಗೆ ಗೊತ್ತೇ ಇವೆ. ದುಡಿಯುವ ಮಕ್ಕಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನಲ್ಲಿ ಇರುತ್ತಾರೆ. ಮನೆಯಲ್ಲಿ ಮುದುಕರು, ಸಣ್ಣ ಮಕ್ಕಳು. ಮುದುಕರ ಹತ್ತಿರ ಇರುವುದು ಮಗನ ನಂಬರ್ ಬರೆದ ಚೀಟಿ. ನಾನು ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನು. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

212 ಜನರ ತಪಾಸಣೆ ಆಯಿತು. 38 ಜನರಿಗೆ ಆಪರೇಷನ್ ಬೇಕು ಅಂದರು ಡಾಕ್ಟರು. "ಫೋನ್ ಮಾಡ್ತೀವಿ, ಗಾಡಿ ಕಳಸ್ತೀವಿ" ಅಂತ ಎಲ್ಲರಿಗೂ ಹೇಳಿ, ಕೈಗೊಂದು ಚೀಟಿ ಕೊಟ್ಟು ಕಳಿಸಿದೆವು. ಫೋಟೋ ತೆಗೆದೆವು. ಮರುದಿನ ಪೇಪರಿನಲ್ಲಿ ಬಂತು.

ಜನವರಿಯಲ್ಲಿ ಆಸ್ಪತ್ರೆಯವರು ದಿನ ಕೊಟ್ಟರು. ಫೋನ್ ಹಚ್ಚಲು ಕೂತೆ. ಕೆಲವು ಸ್ವಿಚ್ ಆಫ್. ಕೆಲವರು ಎತ್ತಿ, "ನಾ ಮುಂಬೈದಾಗ ಇದ್ದೀನ್ರಿ, ಸಂಜಿಗೆ ಹೇಳ್ತೀನಿ" ಅಂದರು. ಹೇಳಿದರೋ ಇಲ್ಲವೋ ಗೊತ್ತಿಲ್ಲ. ಹೇಳಲು ಮನೆಯಲ್ಲಿ ಬೇರೆ ಫೋನೇ ಇರಲಿಲ್ಲವೇನೋ. ಮೇಲಾಗಿ ತೊಗರಿ ರಾಶಿಯ ಸಮಯ. ಸುದ್ದಿ ಮುಟ್ಟಿದವರೂ ರಾಶಿ ಮುಗಿಯಲಿ ಅಂದರು. ಗಾಡಿ ಕಟ್ಟಿ ಸಂಗಾವಿಯ ಭೀಮಾ ಸೇತುವೆ ದಾಟಿ, ಶಿಬಿರ ನಡೆದ ಹಳ್ಳಿಗೆ ಮಾತ್ರ ಹೋಗಿ ವಾಪಸ್ ಬಂತು. ಬಂದವರು 11 ಜನ. ಆಸ್ಪತ್ರೆಯವರು 38 ಜನರಿಗೆ ಹಾಸಿಗೆ ಕಾಯ್ದಿರಿಸಿದ್ದರು.

ನಾನು ಏನು ಮಾಡಿದೆ ಗೊತ್ತಾ? ಜನ ಬರಲಿಲ್ಲ ಅಂತ ಅಧ್ಯಕ್ಷರಿಗೆ ಹೇಳಿದೆ. ಜನರಿಗೆ ಹೆದರಿಕೆ, ತಿಳಿವಳಿಕೆ ಇಲ್ಲ, ಎಂದೆ. ಅವರೂ ಹೌದು ಅಂದರು. ಆ ವರ್ಷದ ವರದಿಯಲ್ಲಿ 212 ಮತ್ತು 38 ಅಂತಲೇ ಬರೆದೆವು. 11 ಅಂತ ಎಲ್ಲೂ ಬರೆಯಲಿಲ್ಲ. ವರದಿ ಅಚ್ಚು ಹಾಕಿದ್ದು ನನ್ನ ಪ್ರೆಸ್‌ನಲ್ಲೇ.

ಮಾರ್ಚ್‌ನಲ್ಲಿ ಆಸ್ಪತ್ರೆಯ ಡಾಕ್ಟರು ಫೋನ್ ಮಾಡಿದರು. "ನಿಮ್ಮ ಶಿಬಿರದ ಚೀಟಿ ತಂದಾರ, ಬಂದು ನೋಡ್ರಿ." ಹೋದೆ. ಅದೇ ಆಯಿ. ಬಲಗಣ್ಣು ಕೆಂಪಾಗಿ ಊದಿಕೊಂಡಿತ್ತು, ತಲೆನೋವಿಗೆ ಎರಡು ದಿನ ನಿದ್ದೆ ಇಲ್ಲ. ಮೊಮ್ಮಗಳು ಬಸ್ಸಿನಲ್ಲಿ ಕರೆತಂದಿದ್ದಳು. ಮೋತಿಬಿಂದು ಹಣ್ಣಾಗಲಿ ಅಂತ ಕಾಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾಯಬಾರದು. ಬಲಿತ ಪೊರೆ ಕಣ್ಣೊಳಗೇ ಉಬ್ಬಿ, ಒತ್ತಡ ಏರಿಸಿ, ನರವನ್ನೇ ಹಾಳು ಮಾಡಬಹುದು. ಪೊರೆ ತೆಗೆಯಬಹುದು. ಸತ್ತ ನರಕ್ಕೆ ಜೀವ ಬರುವುದಿಲ್ಲ. ಆಯಿಗೆ ಆದದ್ದು ಅದೇ. ಬಲಗಣ್ಣಿನ ನೋಟ ತಿರುಗಿ ಬರುವುದಿಲ್ಲ ಅಂದರು ಡಾಕ್ಟರು.

ನಾನು ಕೊಟ್ಟ ಚೀಟಿಯನ್ನು ಆಯಿ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಳು. ಒಂದು ಮಡಿಕೆಯೂ ಬಿದ್ದಿರಲಿಲ್ಲ. "ಫೋನ್ ಬರ್ತದ ಅಂದಿದ್ರಲ್ಲ ಯಪ್ಪಾ, ಅದಕ್ಕ ದಾರಿ ನೋಡ್ಕೋತ ಕುಂತಿದ್ದೆ" ಅಂದಳು. ಹೆದರಿಕೆ, ತಿಳಿವಳಿಕೆ ಇಲ್ಲ ಅಂತ ನಾನು ಯಾರ ಬಗ್ಗೆ ಹೇಳಿದ್ದೆನೋ, ಆಕೆ ಮೂರು ತಿಂಗಳು ನನ್ನ ಫೋನಿಗೆ ಕಾದಿದ್ದಳು.

ಎಡಗಣ್ಣಿನ ಆಪರೇಷನ್ ಆಮೇಲೆ ಆಯಿತು. ಅದರಲ್ಲಿ ಕಾಣುತ್ತೆ.

ಮುಂದಿನ ಸಭೆಯಲ್ಲಿ ನಾನು ಎದ್ದು ಎಲ್ಲವನ್ನೂ ಹೇಳಿದೆ. ಕೆಲವರಿಗೆ ಇಷ್ಟ ಆಗಲಿಲ್ಲ. ಒಬ್ಬರ ಮನೆಯವರು ಆವತ್ತು ಬಂದಿದ್ದರು, ಆರೋಗ್ಯ ಇಲಾಖೆಯಲ್ಲಿ ದಾದಿಯಾಗಿ ದುಡಿದು ರಿಟೈರ್ ಆದವರು. ಅವರು ಸದಸ್ಯೆ ಅಲ್ಲ. ರೋಟರಿಯಲ್ಲಿ ಹೆಂಗಸರಿಗೆ ಬಾಗಿಲು ತೆರೆದದ್ದು 1989ರಲ್ಲಿ. ಆದರೂ ಎಷ್ಟೋ ಊರಿನ ಕ್ಲಬ್‌ಗಳಲ್ಲಿ ಹೆಂಗಸರು ಇನ್ನೂ "ಸದಸ್ಯರ ಮನೆಯವರು" ಆಗಿಯೇ ಕೂರುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಆವತ್ತು ಕೆಲಸ ಗೊತ್ತಿದ್ದವರು ಆ ಅಕ್ಕ ಒಬ್ಬರೇ.

ಅವರು ಪೋಲಿಯೋ ದಿನಗಳನ್ನು ನೆನಪಿಸಿದರು. ಬೂತಿನಲ್ಲಿ ಹನಿ ಹಾಕುವುದು ಮೊದಲ ದಿನದ ಕೆಲಸ ಮಾತ್ರ. ಮರುದಿನದಿಂದ ಮನೆ ಮನೆಗೆ ಹೋಗಬೇಕು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಪಿ ಅಂತ ಬರೆಯುತ್ತಿದ್ದರು. ಮಗು ಬಿಟ್ಟು ಹೋದ ಮನೆಗೆ ಎಕ್ಸ್. "ಪಿ ಮನಿ ಎಷ್ಟು ಅಂತ ನಮಗ ಯಾರೂ ಕೇಳ್ತಿರಲಿಲ್ಲ. ಎಕ್ಸ್ ಮನಿ ಎಷ್ಟು ಉಳದಾವ ಅಂತ ಕೇಳ್ತಿದ್ರು" ಅಂದರು ಅಕ್ಕ. ರೋಟರಿ 1985ರಲ್ಲಿ ಪೋಲಿಯೋ ಕೆಲಸಕ್ಕೆ ಕೈ ಹಾಕಿತು. ನಮ್ಮ ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹಾವಡಾದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಎಕ್ಸ್ ಮನೆಗೆ ಮತ್ತೆ ಮತ್ತೆ ಹೋದವರು ಇಲ್ಲದಿದ್ದರೆ ಆ ದಿನ ಬರುತ್ತಿರಲಿಲ್ಲ.

ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ಫಾರಂ ಮಾಡಿದೆ. ಲಾಂಛನ ಮೂಲೆಗೆ, ಸಣ್ಣದು. ಪದಾಧಿಕಾರಿಗಳ ಹೆಸರು, ದುಡ್ಡು ಕೊಟ್ಟವರ ಹೆಸರು ಎಲ್ಲ ತೆಗೆದೆ. ಒಬ್ಬರಿಗೆ ಸಿಟ್ಟು ಬಂತು, ಬರಲಿ ಅಂದುಕೊಂಡೆ. ಈಗಿನ ಕಾಲಂಗಳು ಹೀಗಿವೆ: ಹೆಸರು, ವಯಸ್ಸು, ಊರು, ಓಣಿ, ಯಾರ ಮನೆ ಬಾಜು. ನಂಬರ್. ಅದು ಯಾರದು, ಅವರು ಈಗ ಯಾವ ಊರಲ್ಲಿದ್ದಾರೆ. ಅದೇ ಹಳ್ಳಿಯಲ್ಲಿ ಇರುವ ಇನ್ನೊಬ್ಬರ ನಂಬರ್, ಆಶಾ ಕಾರ್ಯಕರ್ತೆಯದೋ ಕಿರಾಣಿ ಅಂಗಡಿಯದೋ. ಕಾಗದದ ಬಲಭಾಗದಲ್ಲಿ ನಾಲ್ಕು ಖಾಲಿ ಚೌಕ: ಆಪರೇಷನ್ ಆಯಿತಾ, ಮರುದಿನ ನೋಡಿದರಾ, ವಾರಕ್ಕೆ ನೋಡಿದರಾ, ತಿಂಗಳಿಗೆ ನೋಡಿದರಾ. ಆಪರೇಷನ್ ಆದ ಮೇಲೂ ವಾರಗಟ್ಟಲೆ ಹನಿ ಹಾಕಬೇಕು, ಕಣ್ಣು ಉಜ್ಜಬಾರದು, ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣಿಗೆ ತಾಗಬಾರದು. ಹನಿ ಮುಗಿದರೆ ತಂದುಕೊಡುವವರು ಬೇಕು. ಒಬ್ಬ ಸದಸ್ಯನಿಗೆ ಐದು ಜನ. ಆ ಐವರ ನಾಲ್ಕೂ ಚೌಕ ತುಂಬುವ ತನಕ ಅವನಿಗೆ ಬಿಡುಗಡೆ ಇಲ್ಲ.

ಶಿಬಿರವನ್ನು ತೊಗರಿ ರಾಶಿ ಮುಗಿದ ಮೇಲೆ, ಫೆಬ್ರವರಿಗೆ ಇಟ್ಟುಕೊಂಡೆವು. ಇದಕ್ಕೆ ಇನ್ನೊಂದು ಕಾರಣ ಇದೆ. ಈ ಕ್ಲಬ್‌ಗಳಲ್ಲಿ ಪ್ರತಿ ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುತ್ತಾರೆ. ಮೇ, ಜೂನ್‌ನಲ್ಲಿ ಅವಸರದಿಂದ ಮಾಡಿದ ಶಿಬಿರದ ರೋಗಿಗಳು ಹಳಬರಿಗೂ ಬೇಡ, ಹೊಸಬರಿಗೂ ಬೇಡ. ನೀವು ಸೇರಿದರೆ ಇದನ್ನು ಕಣ್ಣಾರೆ ನೋಡುತ್ತೀರಿ.

ಆ ಫಾರಂ ಬೇರೆ ಕಡೆಯೂ ಉಪಯೋಗಕ್ಕೆ ಬಂತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ಊರಲ್ಲಿ ಎಲ್ಲರೂ ಹಳೇ ಬಟ್ಟೆ ಕೂಡಿಸುತ್ತಿದ್ದರು. ನಮ್ಮ ಹತ್ತಿರ ನದಿದಂಡೆ ಹಳ್ಳಿಗಳ ಕಿರಾಣಿ ಅಂಗಡಿಗಳ ನಂಬರ್ ಇದ್ದವು. ಫೋನ್ ಮಾಡಿ ಕೇಳಿದೆವು. "ಅರಬಿ ಬ್ಯಾಡ್ರಿ, ತಾಡಪತ್ರಿ ಕಳಸ್ರಿ" ಅಂದರು. ಬಟ್ಟೆ ಬಿಟ್ಟು ತಾಡಪತ್ರಿ, ಅಂದರೆ ಟಾರ್ಪಾಲು, ಕಳಿಸಿದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಕ್ಲಬ್ ಅನ್ನುವುದು ನನ್ನ ದೃಷ್ಟಿಯಲ್ಲಿ ದೊಡ್ಡ ವಿಷಯವೇ ಅಲ್ಲ. ಪರಿಚಯಕ್ಕೆ ಸೇರುವುದು ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ರೋಟರಿ ಶುರು ಮಾಡಿದಾಗ ಕೂಡಿದ್ದು ಬೇರೆ ಬೇರೆ ಕಸುಬಿನ ನಾಲ್ಕು ಜನ. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ದರ್ಜಿ, ಒಬ್ಬರು ಗಣಿ ಎಂಜಿನಿಯರ್. ಒಬ್ಬೊಬ್ಬರ ಆಫೀಸಿನಲ್ಲಿ ಸರದಿ ಪ್ರಕಾರ ಸೇರುತ್ತಿದ್ದರು, ಹೆಸರು ಬಂದದ್ದೇ ಅದರಿಂದ. ಅವರಿಗೂ ಬೇಕಿದ್ದದ್ದು ಪರಿಚಯವೇ. ಆದರೆ ಕೆಲವೇ ವರ್ಷಗಳಲ್ಲಿ ಅವರು ಊರಿಗೆ ಸಾರ್ವಜನಿಕ ಶೌಚಾಲಯ ಬೇಕು ಅಂತ ಓಡಾಡಲು ಶುರು ಮಾಡಿದರು. ಲಯನ್ಸ್ ಕಟ್ಟಿದ ಮೆಲ್ವಿನ್ ಜೋನ್ಸ್ ವಿಮೆ ವ್ಯಾಪಾರದವರು. 1917ರಲ್ಲಿ ಅದೂ ಶಿಕಾಗೋದಲ್ಲೇ ಶುರುವಾಯಿತು. 1925ರಲ್ಲಿ ಹೆಲೆನ್ ಕೆಲ್ಲರ್ ಅವರ ಸಮಾವೇಶಕ್ಕೆ ಬಂದು, ಕುರುಡರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಇವತ್ತು ಲಯನ್ಸ್ ಅಂದರೆ ಕಣ್ಣಿನ ಕೆಲಸ ಅಂತ ಜನ ನೆನೆಯುವುದು ಅದಕ್ಕೇ.

ಹಾಗಾಗಿ "ಎಷ್ಟು ಜನರ ಪರಿಚಯ ಆಗುತ್ತೆ" ಅನ್ನುವ ಲೆಕ್ಕ ಬಿಡಿ. ನಿಮ್ಮ ಕಸುಬು ಅವರಿಗೆ ಯಾವ ಕೆಲಸಕ್ಕೆ ಬರುತ್ತೆ ಅಂತ ಕೇಳಿ. ನನ್ನ ತಪ್ಪು ಅಚ್ಚಿನಲ್ಲೇ ಆಯಿತು, ಅದನ್ನು ತಿದ್ದಿದ್ದೂ ಅಚ್ಚಿನಲ್ಲೇ. ನೀವು ವೈರಿಂಗ್ ಬಲ್ಲವರು. ಅಂಗನವಾಡಿಯ ಫ್ಯಾನ್ ಕೆಟ್ಟು ನಿಂತಿರುತ್ತೆ, ಆರೋಗ್ಯ ಉಪಕೇಂದ್ರದ ಬಲ್ಬಿನ ಹೋಲ್ಡರ್ ಸುಟ್ಟಿರುತ್ತೆ. ಅಂಥದ್ದಕ್ಕೆ ನಿಮ್ಮನ್ನು ಕರೆಯುವ ಕ್ಲಬ್ ಆದರೆ ಸೇರಿ. ಬರೀ ಪದಗ್ರಹಣದ ಊಟಕ್ಕೆ, ಹಾರ ಹಾಕಿಸಿಕೊಳ್ಳುವುದಕ್ಕೆ ಕರೆಯುವುದಾದರೆ ಆ ದುಡ್ಡಿನಲ್ಲಿ ಅಂಗಡಿಗೆ ಒಳ್ಳೆಯ ಬೋರ್ಡ್ ಹಾಕಿಸಿ, ಗಿರಾಕಿ ಜಾಸ್ತಿ ಬರುತ್ತಾರೆ.

ದುಡ್ಡು ಕಟ್ಟುವ ಮೊದಲು ಎರಡು ಸಭೆಗೆ ಅತಿಥಿಯಾಗಿ ಹೋಗಿ. ಹಾರ, ಫೋಟೋ ಎಲ್ಲ ಮುಗಿದ ಮೇಲೆ ಕಾರ್ಯದರ್ಶಿಯವರನ್ನು ಮೆಲ್ಲಗೆ ಕೇಳಿ: "ಹೋದ ವರ್ಷದ ಶಿಬಿರದ ರಿಜಿಸ್ಟರ್ ಸ್ವಲ್ಪ ನೋಡಬಹುದಾ ಸರ್?" ಮೊದಲ ಪುಟ ನೋಡಬೇಡಿ. ಬಲಭಾಗದ ಚೌಕಗಳು ಇವೆಯಾ, ಅವು ತುಂಬಿವೆಯಾ ಅಂತ ನೋಡಿ.