ಅಂಕಿ-ಅಂಶ ಅರ್ಥ ಮಾಡಿಕೊಳ್ಳುವುದು ಸಾಮಾನ್ಯ ಜನಕ್ಕೆ ಯಾಕೆ ಬೇಕು?

‘ಅಂಕಿ-ಅಂಶದಿಂದ ಏನು ಬೇಕಾದರೂ ಸಾಬೀತು ಮಾಡಬಹುದು ಅಂತಾರೆ. ಹಾಗಿದ್ದ ಮೇಲೆ ಅದನ್ನು ಕಲಿತು ನಮಗೇನು ಲಾಭ?’ ಅಂತ ಕೇಳಿದ್ದೀರಿ. ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಉತ್ತರವನ್ನು ನಮ್ಮ ಕಾಕಾನ ತೊಗರಿ ಹೊಲದಿಂದ ಶುರು ಮಾಡುತ್ತೇನೆ.

ಹೊಲ ಜೇವರ್ಗಿ ಕಡೆ ಇದೆ. ಒಂದು ವರ್ಷ ನೆಟೆ ರೋಗ ಬಿತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಎಕರೆಗೆ ಒಂದು ಕ್ವಿಂಟಲ್ ಬರುವುದೂ ಕಷ್ಟವಾಯಿತು. ಬೆಳೆ ವಿಮೆಯ ಕಂತು ಕಟ್ಟಿದ್ದ ಕಾಕಾ ಪರಿಹಾರಕ್ಕೆ ಕಾಯ್ದ. ಬರಲಿಲ್ಲ. ನಿಮ್ಮ ಪಂಚಾಯಿತಿಯ ಸರಾಸರಿ ಇಳುವರಿ ಚೆನ್ನಾಗಿದೆ ಅಂದರಂತೆ. ಮನೆಗೆ ಬಂದು ನನ್ನ ಮುಂದೆ ಕೂತು ಕೇಳಿದ: ‘ನಮ್ಮ ಹೊಲಕ್ಕ ಯಾರೂ ಬಂದೇ ಇಲ್ಲ ತಮ್ಮಾ. ಸರಾಸರಿ ಎಲ್ಲಿಂದ ತಂದ್ರು ಇವರು?’

ನಾನು ಈ ವಿಷಯ ಓದಿದವನು. ಆದರೂ ಅವತ್ತು ಅವನಿಗೆ ಅರ್ಥವಾಗುವ ಹಾಗೆ ಹೇಳಲು ಬಹಳ ಹೊತ್ತು ಬೇಕಾಯಿತು.

ಕೊನೆಗೆ ಗಂಜ್, ಅಂದರೆ ಕಾಳಿನ ಮಾರುಕಟ್ಟೆ, ನೆನಪಿಸಿದೆ. ಅಡತಿ ಅಂಗಡಿಯಲ್ಲಿ ತೊಗರಿ ಕೊಳ್ಳುವವನು ಚೀಲ ಪೂರ್ತಿ ಸುರಿದು ನೋಡುವುದಿಲ್ಲ. ಚೂಪಾದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾನೆ. ಮೇಲಿನ ಕಾಳನ್ನಷ್ಟೇ ನೋಡಿದರೆ ಮೋಸ ಹೋಗಬಹುದು, ಅದಕ್ಕೇ ಒಳಗಿನಿಂದ ತೆಗೆಯುವುದು. ಕೆಲವು ಹೊಲಗಳಲ್ಲಿ ಒಂದಿಷ್ಟು ಜಾಗ ಕೊಯ್ದು, ತೂಗಿ, ಇಡೀ ಪಂಚಾಯಿತಿಯ ಇಳುವರಿ ಅಂದಾಜು ಮಾಡುವ ಬೆಳೆ ಕಟಾವು ಪ್ರಯೋಗವೂ ಹೀಗೇ. ಪ್ರತಿ ಹೊಲ ಅಳೆಯಲು ಆಗುವುದಿಲ್ಲ. ಒಂದು ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಹೊಲ ಆರಿಸುತ್ತಾರೆ. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, ಸರ್ವೆ ನಂಬರ್ ಆರಿಸಬೇಕು. ಆ ಹೊಲದಲ್ಲಿ ಯಾವ ಜಾಗ ಕೊಯ್ಯಬೇಕು ಅನ್ನುವುದನ್ನೂ ಹಾಗೇ ಗುರುತಿಸಬೇಕು. ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಗಟ್ಟಿ ಮಾಡಿದವರು ಮಹಲನೋಬಿಸ್, ಪಾನ್ಸೆ, ಸುಖಾತ್ಮೆ ಅವರಂಥ ಸಂಖ್ಯಾಶಾಸ್ತ್ರಜ್ಞರು. ಹೊಲ ಆರಿಸುವವರ ಕೈಯಲ್ಲಿ ಆಯ್ಕೆ ಇರಬಾರದು ಎಂಬುದೇ ಇದರ ಜೀವಾಳ.

ಇನ್ನು ಲೆಕ್ಕ. 2016ರಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಲ್ಲಿ ಹಿಂದಿನ 7 ವರ್ಷಗಳ ಪೈಕಿ ಒಳ್ಳೆಯ 5 ವರ್ಷಗಳ ಸರಾಸರಿ ತೆಗೆಯುತ್ತಾರೆ. ಅದರಲ್ಲಿ ಇಂತಿಷ್ಟು ಪಾಲನ್ನು ಗುರುತು ಅಂತ ಇಡುತ್ತಾರೆ. ಈ ವರ್ಷದ ಸರಾಸರಿ ಆ ಗುರುತಿಗಿಂತ ಕೆಳಗೆ ಬಂದರೆ ಮಾತ್ರ ಪರಿಹಾರ. ಉದಾಹರಣೆಗೆ, ನಾಲ್ಕು ಹೊಲಗಳಲ್ಲಿ ಎಕರೆಗೆ 1, 5, 5, 5 ಕ್ವಿಂಟಲ್ ಬಂತು ಅಂತಿಟ್ಟುಕೊಳ್ಳಿ. ಸರಾಸರಿ 4. ಗುರುತು 3.8 ಇದ್ದರೆ ಯಾರಿಗೂ ಒಂದು ರೂಪಾಯಿ ಇಲ್ಲ, ಒಂದೇ ಕ್ವಿಂಟಲ್ ಬೆಳೆದವನಿಗೂ ಇಲ್ಲ. ಗುರುತು 5 ಇದ್ದರೆ ಕೊರತೆ ಶೇ 20. ಆಗ ವಿಮೆ ಮಾಡಿಸಿದ ಎಲ್ಲರಿಗೂ ವಿಮಾ ಮೊತ್ತದ ಶೇ 20 ಬರುತ್ತದೆ, 5 ಕ್ವಿಂಟಲ್ ಬೆಳೆದವನಿಗೂ. ಸರಾಸರಿ ಊರಿನದು, ಸಾಲ ಮಾತ್ರ ಕಾಕಾನದು. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಅದು ಕಾಕಾನ ಪ್ರಶ್ನೆಗೆ ಉತ್ತರವೂ ಅಲ್ಲ.

ನಾಲ್ಕೇ ಹೊಲ ಸಾಕಾ ಅಂತ ನೀವು ಕೇಳಬೇಕು. ನಾಲ್ಕರಲ್ಲಿ ಒಂದು ಹೊಲ ಬದಲಾದರೂ ಸರಾಸರಿ ಅತ್ತಿತ್ತ ಆಗುತ್ತದೆ. ಒಂದು ಅಂಕಿ ಎಷ್ಟು ಅಲುಗಾಡಬಹುದು ಅಂತ ಅಳೆಯುವುದೇ ನನ್ನ ವಿಷಯದ ಅರ್ಧ ಕೆಲಸ. ದುಃಖ ಏನೆಂದರೆ, ಪತ್ರಿಕೆಗೆ ಬರುವ ಹೊತ್ತಿಗೆ ಆ ಅಲುಗಾಟ ಬಿಟ್ಟುಹೋಗಿ ಬರೀ ಅಂಕಿ ಉಳಿದಿರುತ್ತದೆ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ ಒಬ್ಬೊಬ್ಬರ ಹೊಲವನ್ನೂ ನೋಡುವ ಅವಕಾಶ ಯೋಜನೆಯಲ್ಲಿದೆ. 72 ಗಂಟೆಯೊಳಗೆ ತಿಳಿಸಬೇಕು. ಮನೆಯಲ್ಲಿ ರೈತರಿದ್ದರೆ ದಯವಿಟ್ಟು ಹೇಳಿ.)

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. 2011ರ ಜನಗಣತಿಯಲ್ಲಿ ಕಲಬುರಗಿಯ ಸಾಕ್ಷರತೆ ಶೇ 64.85, ಯಾದಗಿರಿಯದು ಶೇ 51.83, ರಾಜ್ಯದ್ದು ಶೇ 75.36. ಅದಕ್ಕೂ ಸ್ವಲ್ಪ ಮುಂಚೆ ಯಾದಗಿರಿ ನಮ್ಮಿಂದ ಬೇರೆಯಾಗಿತ್ತು. ಕೂಡಿಯೇ ಇದ್ದಿದ್ದರೆ ಅಂಕಿ 61ರ ಹತ್ತಿರ ಇರುತ್ತಿತ್ತು. ಒಬ್ಬರೂ ಹೊಸದಾಗಿ ಅಕ್ಷರ ಕಲಿಯದೆ, ನಕ್ಷೆಯಲ್ಲಿ ಒಂದು ಗೆರೆ ಎಳೆದದ್ದಕ್ಕೇ ಕಲಬುರಗಿ ಸುಮಾರು ನಾಲ್ಕು ಅಂಕ ಮೇಲೆ ಹೋಯಿತು! ಹುಡುಗರು ಎರಡನ್ನೂ ಕೂಡಿಸಿ ಅರ್ಧ ಮಾಡಿ 58 ಅನ್ನುತ್ತಾರೆ. ಅದು ತಪ್ಪು. ಕಲಬುರಗಿಯ ಜನಸಂಖ್ಯೆ ಯಾದಗಿರಿಯ ಎರಡು ಪಟ್ಟಿಗಿಂತ ಜಾಸ್ತಿ, ಹಾಗಾಗಿ ಅದರ ತೂಕವೂ ಜಾಸ್ತಿ. ಇನ್ನು ಆ ಸಾಕ್ಷರತೆ ಲೆಕ್ಕದಲ್ಲಿ 7 ವರ್ಷಕ್ಕಿಂತ ಚಿಕ್ಕ ಮಕ್ಕಳು ಇಲ್ಲ. ಎಲ್ಲರನ್ನೂ ಸೇರಿಸಿ ಭಾಗಿಸಿದರೆ ಬೇರೆಯೇ ಅಂಕಿ ಬರುತ್ತದೆ.

ಹಾಗಂತ ಅಂಕಿ-ಅಂಶ ಎಲ್ಲಾ ಸುಳ್ಳು ಅನ್ನುವವರ ಜೊತೆ ನಾನು ಜಗಳವಾಡುತ್ತೇನೆ. ನಮ್ಮ ಭಾಗ ಹಿಂದುಳಿದಿದೆ ಅಂತ ಎಷ್ಟೋ ವರ್ಷ ಭಾಷಣ ನಡೆದವು. 2002ರಲ್ಲಿ ಪ್ರಾದೇಶಿಕ ಅಸಮಾನತೆ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಅದನ್ನು ಅಳೆದು ತೋರಿಸಿತು. 35 ಸೂಚಕ ತೆಗೆದುಕೊಂಡು, ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟು, ಆಗಿನ 175 ತಾಲ್ಲೂಕುಗಳನ್ನು ಹೋಲಿಸಿತು. 114 ತಾಲ್ಲೂಕು ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಆಮೇಲೆ ನಮ್ಮ ಭಾಗಕ್ಕೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ಕೂಗಿದವರ ಕೈಯಲ್ಲಿ ಈ ಪಟ್ಟಿ ಇತ್ತು. ಇವತ್ತು ಅದರ ಪ್ರಮಾಣಪತ್ರ ಹಿಡಿದು ಸೀಟು ಪಡೆಯುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ.

ಹಣ, ಸೀಟು, ಪರಿಹಾರ ಎಲ್ಲವೂ ಅಂಕಿ ನೋಡಿ ಹಂಚುವಾಗ, ಯಾರನ್ನು ಎಣಿಸಿದರು, ಎಷ್ಟರಿಂದ ಭಾಗಿಸಿದರು ಅಂತ ಕೇಳಲು ಬರದವರು ಸುಮ್ನೆ ತಲೆಯಾಡಿಸಬೇಕಾಗುತ್ತದೆ. ಇಲ್ಲವಾದರೆ ಸುಮ್ನೆ ಬೈದುಕೊಂಡು ಮನೆಗೆ ಹೋಗಬೇಕಾಗುತ್ತದೆ. ಅವತ್ತು ಕಾಕಾ ಮಾಡಿದ್ದು ಅದನ್ನೇ.

ಹೋದ ಸಲ ಪಕ್ಕದ ಹೊಲದಲ್ಲಿ ಕಟಾವು ಪ್ರಯೋಗ ಇದೆ ಅಂತ ಗೊತ್ತಾದಾಗ ಕಾಕಾ ಬೆಳಿಗ್ಗೆಯೇ ಹೋಗಿ ಕೂತಿದ್ದ. ಬಂದವರನ್ನು ಮೊದಲು ಕೇಳಿದ್ದು ಇಷ್ಟು: ‘ಈ ಸರ್ವೆ ನಂಬರ್ ಚೀಟಿ ಎತ್ತಿ ಆರಿಸಿದ್ದೋ, ರಸ್ತೆಗೆ ಹತ್ತಿರ ಅದ ಅಂತ ಆರಿಸಿದ್ದೋ?’ ಅವರು ಪಟ್ಟಿ ತೆಗೆದು ತೋರಿಸಿದರು. ತೂಕ ಆದ ಮೇಲೆ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ.